ಖಂಡಪ್ಪ ಕೂಡಿಸಿದ ಸೀಲು

ಶಹಾಬಾದಿನಲ್ಲಿ ಕರೆಂಟಿನ ಕೆಲಸ ಬಲ್ಲವರಿಗೆ ಕೊರತೆಯಿಲ್ಲ. ಆದರೂ ನಮ್ಮ ಓಣಿಯಲ್ಲಿ ಫ್ಯಾನು ನಿಂತರೆ, ಮೋಟರು ಗುಂಯ್ ಎನ್ನುತ್ತ ನೀರೆತ್ತದೆ ಕುಳಿತರೆ, ಜನರ ಬಾಯಿಗೆ ಮೊದಲು ಬರುತ್ತಿದ್ದುದು ಖಂಡಪ್ಪನ ಹೆಸರು. ನನ್ನ ಮನೆಗೂ ಅವನ ಮನೆಗೂ ಒಂದೇ ಗೋಡೆ. ಅವನ ಹೆಂಡತಿ ಚಂದಮ್ಮ ಒಲೆ ಊದಿದರೆ ನನ್ನ ಕಣ್ಣಿಗೆ ಹೊಗೆ. ಅವರಿಬ್ಬರ ಜಗಳ, ನಗು ಎಲ್ಲ ನನಗೆ ಕೇಳಿಸುತ್ತಿತ್ತು. ಓದು ಬರಹ ನನಗೆ ಅಷ್ಟಕ್ಕಷ್ಟೇ. ಕೇಳಿದ್ದು ಮಾತ್ರ ಮರೆಯುವುದಿಲ್ಲ.

ಖಂಡಪ್ಪನದು ಕಾಗಿಣಾ ಹೊಳೆಯ ದಂಡೆಯ ಮನೆತನ. ಅವನ ಅಜ್ಜ ಹೊಳೆ ತುಂಬಿದಾಗ ಜನರನ್ನು ಹರಗೋಲಿನಲ್ಲಿ ದಾಟಿಸುತ್ತಿದ್ದನಂತೆ. ಸೇತುವೆ ಬಂದ ಮೇಲೆ ಅಪ್ಪ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಖಣಿಗೆ ಹೋದ, ಕಲ್ಲಿನ ಧೂಳು ಕುಡಿದು ಕೆಮ್ಮಿ ಕೆಮ್ಮಿ ಸತ್ತ. ಮಗ ಖಣಿಯ ದಾರಿ ಹಿಡಿಯಲಿಲ್ಲ. ಪಕ್ಕದೂರು ವಾಡಿಗೆ ಹೋಗಿ ಗನಿಸಾಬನ ಕೈಕೆಳಗೆ ವೈರಿಂಗ್ ಕಲಿತ. ಗನಿಸಾಬ ಆಮೇಲೆ ಕರೆಂಟ್ ಆಫೀಸಿನಲ್ಲಿ ಲೈನ್‌ಮನ್ ಆಗಿ ನಮ್ಮೂರಿಗೇ ಬಂದ. ಖಂಡಪ್ಪ ಲೈಸನ್ಸು ತೆಗೆದುಕೊಂಡು ಸ್ವಂತ ಕೆಲಸ ಹಿಡಿದ. ಗುರುವಿಗೆ ನೌಕರಿ, ಶಿಷ್ಯನಿಗೆ ಹೆಸರು ಎಂದು ಓಣಿಯವರು ನಗುತ್ತಿದ್ದರು.

ಈ ಕೆಲಸದಲ್ಲಿ ಒಂದು ಕಟ್ಟುನಿಟ್ಟು ಇದೆ. ಮೀಟರು ನಮ್ಮ ಗೋಡೆಯ ಮೇಲಿದ್ದರೂ ಅದು ನಮ್ಮದಲ್ಲ, ಆಫೀಸಿನದು. ಮೀಟರಿನಿಂದ ಮನೆಯ ಕಡೆ ಬರುವ ತಂತಿಗೆ ಖಂಡಪ್ಪನಂಥವರು ಕೈ ಹಚ್ಚಬಹುದು. ಮೀಟರಿನ ಮುಚ್ಚಳ ಮಾತ್ರ ತೆಗೆಯುವ ಹಾಗಿಲ್ಲ. ಮುಚ್ಚಳದ ತೂತಿನಲ್ಲಿ ಸಣ್ಣ ತಂತಿ ಪೋಣಿಸಿ, ಅದರ ತುದಿಗೆ ಸೀಸದ ಗುಂಡು ಹಾಕಿ, ಅಚ್ಚಿನಿಂದ ಒತ್ತಿರುತ್ತಾರೆ. ಅದೇ ಸೀಲು, ಅದೇ ಆಫೀಸಿನ ಬೀಗ. ಒಳಗೆ ಏನಾದರೂ ಸುಟ್ಟರೆ ಆಫೀಸಿಗೆ ತಿಳಿಸಬೇಕು, ಲೈನ್‌ಮನ್ ಬಂದು ಸೀಲು ಕತ್ತರಿಸಬೇಕು, ಕೆಲಸವಾದ ಮೇಲೆ ಅವನೇ ಹೊಸ ಸೀಲು ಹಾಕಬೇಕು.

ಲೈನ್‌ಮನ್ ಬರುವುದು ಅವನಿಗೆ ಪುರುಸೊತ್ತಾದಾಗ. ಅಲ್ಲಿಯವರೆಗೆ ಮನೆಯವರು ಕತ್ತಲಲ್ಲಿ ಕೂರಬೇಕು. ಅದಕ್ಕೇ ಈ ಕೆಲಸದವರು ಒಂದು ಕೈಚಳಕ ಕಲಿತಿದ್ದರು. ಸೀಸದ ಗುಂಡನ್ನು ಹಗುರಾಗಿ ಬಿಡಿಸಿ ತಂತಿ ಎಳೆದುಕೊಳ್ಳುವುದು, ಕೆಲಸ ಮುಗಿಸಿ ತಂತಿಯನ್ನು ಮತ್ತೆ ಗುಂಡಿನೊಳಗೆ ತೂರಿಸಿ ಇಕ್ಕಳದಿಂದ ಒತ್ತುವುದು. ಅದಕ್ಕೆ ಅವರು ‘ಕೂಡಿಸೂದು’ ಎನ್ನುತ್ತಾರೆ. ಕಳ್ಳತನಕ್ಕಲ್ಲ, ಮನೆಯವರ ಅನುಕೂಲಕ್ಕೆ. ಲೈನ್‌ಮನ್ನರಿಗೂ ಗೊತ್ತಿತ್ತು, ನೋಡಿಯೂ ನೋಡದ ಹಾಗೆ ಇದ್ದರು. ಎಲ್ಲರಿಗಿಂತ ಚೊಕ್ಕವಾಗಿ ಕೂಡಿಸುವವನು ಖಂಡಪ್ಪ. ಒಮ್ಮೆ ನನ್ನ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಗನಿಸಾಬನೇ ಅಂದಿದ್ದ:

“ಲೇ ಖಂಡ್ಯಾ, ನಾ ಹಾಕಿದ ಸೀಲಿಗಿಂತ ನೀ ಕೂಡಿಸಿದ್ದೇ ಛಂದ ಕಾಣ್ತದಲ್ಲೋ. ನನ್ನ ನೌಕರಿ ನೀನೇ ಮಾಡು, ನಾ ಮನ್ಯಾಗ ಮಕ್ಕೋತೀನಿ.”

“ಪಗಾರ ಯಾರಿಗಿ, ಉಸ್ತಾದ?”

“ಪಗಾರ ನಂಗ. ಶಾಕ್ ಹೊಡದ್ರ ನಿಂಗ.”

ಇಬ್ಬರೂ ಚಹಾ ಚೆಲ್ಲುವ ಹಾಗೆ ನಕ್ಕಿದ್ದರು.

ನಾನು ದಿನಾ ಹೂ ಕಟ್ಟಿ ವಿಠ್ಠಲನ ಗುಡಿಗೆ ಕೊಟ್ಟು ಬರುತ್ತೇನೆ, ಊರಿಗೆಲ್ಲ ನಾನು ಹೂವಿನ ಆಯಿ. ಆ ಗುಡಿಯ ಪೂಜೆ ಪಾಂಡುರಂಗಾಚಾರ್ಯರದು. ತಂದೆಯಿಂದ ಅವರಿಗೆ ಬಂದದ್ದು. ತೆಳ್ಳಗಿನ ಮನುಷ್ಯ, ಮಾತು ಕಡಿಮೆ. ನನ್ನ ಹೂವಿನ ಮಾಲೆಯಲ್ಲಿ ಒಂದು ಎಸಳು ಬಾಡಿದ್ದರೂ ಬೈಯುತ್ತಿರಲಿಲ್ಲ, ಆ ಎಸಳು ಕಿತ್ತು ಕಣ್ಣಿಗೆ ಒತ್ತಿಕೊಂಡು ಪಕ್ಕಕ್ಕಿಡುತ್ತಿದ್ದರು. ಅವರ ಹೆಂಡತಿ ಸರಸ್ವತಿಬಾಯಿ ಗಂಡನ ಪಾಲಿನ ಮಾತನ್ನೂ ತಾವೇ ಆಡುವವರು.

ಒಂದು ಬೇಸಿಗೆಯ ಮಧ್ಯಾಹ್ನ ಅವರ ಮನೆಯ ಮೀಟರಿನಿಂದ ಸುಟ್ಟ ವಾಸನೆ ಬಂತು. ಆಚಾರ್ಯರು ಯಾರದೋ ಮನೆಯ ಸತ್ಯನಾರಾಯಣ ಪೂಜೆಗೆಂದು ಚಿತ್ತಾಪುರಕ್ಕೆ ಹೋಗಿದ್ದರು. ಮರುದಿನ ಮನೆಯಲ್ಲಿ ಮಾವನವರ ಶ್ರಾದ್ಧ. ಸರಸ್ವತಿಬಾಯಿ ಖಂಡಪ್ಪನನ್ನು ಕರೆಸಿದರು. ಅವನು ನೋಡಿದ. ಮೀಟರಿನ ಒಳಗೆ ತಂತಿಯ ತುದಿ ಸಡಿಲಾಗಿ ಕರಗುತ್ತಿತ್ತು. ಗನಿಸಾಬನಿಗೆ ಫೋನು ಹಚ್ಚಿದ. ಗಾಳಿಗೆ ಕಂಬ ಬಿದ್ದಿದೆಯೆಂದು ಅವನು ಯಾವುದೋ ಹಳ್ಳಿಯಲ್ಲಿದ್ದ, ನಾಳೆ ಬರುತ್ತೇನೆ ಅಂದ.

ಅವತ್ತು ಮಾಡಬೇಕಾಗಿದ್ದು ಇಷ್ಟೇ. ಮೇನ್ ಸ್ವಿಚ್ ಆರಿಸಿ, ನಾಳೆಯವರೆಗೆ ಹಚ್ಚಬೇಡಿ ಅಂತ ಹೇಳಿ ಮನೆಗೆ ಬರುವುದು. ಕರೆಂಟು ಎಳೆಯುವುದು ನಿಂತರೆ ಬಿಸಿಯೂ ನಿಲ್ಲುತ್ತದೆ. ಇದನ್ನು ನನಗೆ ಹೇಳಿದವನೂ ಖಂಡಪ್ಪನೇ, ಎಷ್ಟೋ ಸಲ. ‘ಮೇನ್ ಆರಿಸಿ ಬಂದಿದ್ರ ಆಗ್ತಿತ್ತು ಆಯಿ, ಮೇನ್ ಆರಿಸಿ ಬಂದಿದ್ರ ಆಗ್ತಿತ್ತು’ ಎಂದು.

ಆದರೆ ಸರಸ್ವತಿಬಾಯಿ ಬಿಡಲಿಲ್ಲ.

“ಖಂಡಪ್ಪ, ನಾಳಿ ಮುಂಜಾನೆದ್ದು ಮಡಿ ನೀರು ಎಳೀಬೇಕು. ಮೋಟರ ಇಲ್ಲಂದ್ರ ಹ್ಯಾಂಗೋ? ಬಾವ್ಯಾಗ ನಾ ಇಳೀಲೇನು?”

“ಸೀಲ್ ಅದ ಬಾಯಾರ. ನಾ ಮುಟ್ಟಾಂಗಿಲ್ಲ.”

“ಊರ ಮಂದಿ ಸೀಲೆಲ್ಲಾ ನೀನೇ ಮುಟ್ಟೀದಿ ಅಂತ ಕೇಳೀನಿ. ನಮ್ಮ ಸೀಲಿಗೇನು ಮೈಲಿಗಿ ಅದ ಏನು?”

ಖಂಡಪ್ಪ ನಕ್ಕುಬಿಟ್ಟ. ನಕ್ಕ ಮೇಲೆ ಇಲ್ಲ ಅನ್ನುವುದು ಅವನಿಗೆ ಬರುತ್ತಿರಲಿಲ್ಲ. ಸೀಲು ಬಿಡಿಸಿದ, ಸುಟ್ಟ ತುದಿ ಕತ್ತರಿಸಿದ, ತಿರುಪು ಬಿಗಿ ಮಾಡಿದ, ಎಂದಿನಂತೆ ಚೊಕ್ಕವಾಗಿ ಕೂಡಿಸಿದ. ಹೋಗುವಾಗ ಅಂದ:

“ಬಾಯಾರ, ಇದು ಯಾರ ಮುಂದೂ ಬ್ಯಾಡ್ರಿ. ನನ್ನ ಲೈಸನ್ಸು ಹೋಗ್ತದ.”

“ನಮ್ಮೋರ ಮುಂದನೂ ಹೇಳೂದಿಲ್ಲ, ಆತೇನು? ಅವರಿಗೆ ಹೇಳಿದ್ರ ಅವರು ಆಫೀಸಿಗೆ ಹೋಗಿ ತಾವೇ ಹೇಳಿ ಬರ್ತಾರ.”

ಶ್ರಾದ್ಧ ನಡೆಯಿತು. ಬೇಸಿಗೆ ಹೋಗಿ ಮಳೆಗಾಲ ಬಂತು. ಆ ಮಾತನ್ನು ಇಬ್ಬರೂ ಮರೆತರು.

ಶ್ರಾವಣದ ಹೊತ್ತಿಗೆ ಕರೆಂಟ್ ಕಳುವು ಹಿಡಿಯುವ ತಂಡ ಊರಿಗೆ ಬಂತು. ಮನೆ ಮನೆಗೂ ಹೋಗಿ ಮೀಟರು ನೋಡಿದರು. ಕೆಲವರ ಸೀಲು ಹರಿದು ಜೋತುಬಿದ್ದಿತ್ತು. ಇಲಿ ಕಡಿದಿರಬೇಕು, ಮಕ್ಕಳು ಎಳೆದಿರಬೇಕು ಅಂತ ಬರೆದುಕೊಂಡು ಹೊಸದು ಹಾಕಿ ಹೋದರು. ಆಚಾರ್ಯರ ಮನೆಯಲ್ಲಿ ಸೀಲು ಹೊರನೋಟಕ್ಕೆ ಚೆನ್ನಾಗಿಯೇ ಇತ್ತು. ಆದರೆ ತಂಡದ ಅಧಿಕಾರಿ ಬ್ಯಾಟರಿ ಹಿಡಿದು ನೋಡಿದ. ಸೀಸದ ಮೇಲೆ ಆಫೀಸಿನ ಅಚ್ಚಿನ ಜೊತೆಗೆ ಇಕ್ಕಳದ ಸಣ್ಣ ಹಲ್ಲಿನ ಗುರುತೂ ಕಂಡಿತು.

“ಹರದಿದ್ರ ಸುಮ್ನಿರ್ತಿದ್ದೆ ಆಚಾರ್ರೇ,” ಅಂದ ಆತ. “ಇಷ್ಟು ಚೊಕ್ಕ ಕೂಡಿಸ್ಯಾರ ಅಂದ್ರ, ಇದು ಕಲಿತ ಕೈ. ಬಿಚ್ಚೂದು ಮುಚ್ಚೂದು ನಡದದ.”

“ನಮ್ಮ ಮನ್ಯಾಗ ಅದನ್ನ ಯಾರೂ ಮುಟ್ಟಿಲ್ಲ,” ಅಂದರು ಆಚಾರ್ಯರು. ಅವರಿಗೆ ಗೊತ್ತಿದ್ದ ಖರೇ ಅದು.

ಮೀಟರು ಕಿತ್ತುಕೊಂಡು ಪರೀಕ್ಷೆಗೆ ಕಲಬುರಗಿಗೆ ಕಳಿಸಿದರು. ವರದಿ ಬರಲು ಹೊತ್ತು ಹಿಡಿಯುತ್ತದೆ, ಊರಿನ ಬಾಯಿಗೆ ಅಷ್ಟು ಹೊತ್ತು ಬೇಕಾಗಲಿಲ್ಲ. ನಾನು ಹೂ ಹಿಡಿದು ಹೋದಲ್ಲೆಲ್ಲ ಅದೇ ಮಾತು. ‘ಆಚಾರ್ರು ದೇವ್ರಿಗೆ ದೀಪ ಹಚ್ತಾರ, ಮನೀಗಿ ಕಳುವಿನ ದೀಪ’ ಎಂದು ಒಬ್ಬಳು ಅಂದಳು. ಕೇಳಿದವರು ನಕ್ಕರು.

ಗುಡಿಯ ಕಮಿಟಿಗೆ ಮುಖ್ಯಸ್ಥ ಉದಯಕುಮಾರ, ಫರ್ಸಿ ಪಾಲಿಶ್ ಮಾಡುವ ಕಾರಖಾನೆಯವನು. ಕೆಟ್ಟವನಲ್ಲ. ನಾಲ್ಕು ಜನರನ್ನು ಕರೆದುಕೊಂಡು ಗುಡಿಗೆ ಬಂದ. ನಾನು ಮಂಟಪದಲ್ಲಿ ತುಳಸಿ ಬಿಡಿಸುತ್ತಿದ್ದೆ.

“ಆಚಾರ್ರೇ, ನಮಗ ನಿಮ್ಮ ಮ್ಯಾಲ ಸಂಶೆ ಇಲ್ರಿ. ಊರ ಬಾಯಿ ಹ್ಯಾಂಗ ಮುಚ್ಚೂದು ಹೇಳ್ರಿ?”

“ಏನು ಮಾಡಬೇಕು ಅಂತೀರಿ?”

“ಬರೂ ಏಕಾದಶಿಗೆ ಮಂದಿ ಕೂಡಿದಾಗ ಸ್ವಾಮಿ ಪಾದಕ್ಕ ಕೈ ಹಚ್ಚಿ ಹೇಳಿಬಿಡ್ರಿ, ನಮ್ಮ ಮನೀ ಮೀಟರ ಯಾರೂ ಬಿಚ್ಚಿಲ್ಲ ಅಂತ. ಅಷ್ಟಾದ್ರ ಮುಗೀತು. ಇಲ್ಲಂದ್ರ ಪೂಜಾ ಬ್ಯಾರೆಯವರಿಗಿ ಹೇಳಬೇಕಾಗ್ತದ.”

ನಮ್ಮ ಕಡೆ ಇದು ಹಳೆಯ ಪದ್ಧತಿ. ಕೋರ್ಟು ಕಚೇರಿಯಲ್ಲಿ ತೀರದ್ದು ದೇವರ ಪಾದ ಮುಟ್ಟಿ ಹೇಳಿದರೆ ತೀರುತ್ತದೆ. ಮುಟ್ಟಿ ಹೇಳಿದವನನ್ನು ಮತ್ತೆ ಯಾರೂ ಕೇಳುವ ಹಾಗಿಲ್ಲ. ಮುಟ್ಟಿ ಸುಳ್ಳು ಹೇಳಿದ ಕೈ ಮತ್ತೆ ಆ ದೇವರಿಗೆ ಹೂ ಏರಿಸುವ ಹಾಗೂ ಇಲ್ಲ.

“ಹೇಳ್ತೀನಿ,” ಅಂದರು ಆಚಾರ್ಯರು. ಅವರ ಮುಖ ಹಗುರಾಯಿತು.

ನೈವೇದ್ಯ ಹಿಡಿದು ಬಂದು ಬಾಗಿಲಲ್ಲಿ ನಿಂತಿದ್ದ ಸರಸ್ವತಿಬಾಯಿಯ ಮುಖದ ಬಣ್ಣ ಹೋದದ್ದು ನನಗೆ ಕಂಡಿತು, ಯಾಕೆಂದು ಆಗ ತಿಳಿಯಲಿಲ್ಲ. ಮರುದಿನ ಅವರು ನನ್ನನ್ನು ಹಿತ್ತಲಿಗೆ ಕರೆದರು.

“ಹೂವಿನ ಆಯಿ, ಖಂಡಪ್ಪಗ ಒಂದು ಮಾತು ಹೇಳ್ರಿ. ಏಕಾದಶಿಗಿಂತ ಮುಂಚೆ ಬಂದು ಆಚಾರ್ರ ಮುಂದ ತಾ ಹೇಳೂದು ಹೇಳಲಿ ಅಂತ. ಇಷ್ಟೇ ಹೇಳ್ರಿ, ಅವಗ ತಿಳೀತದ. ನಾ ಮಾತು ಕೊಟ್ಟು ಕುಂತೀನಿ. ಅವನೇ ಬಿಡಿಸಬೇಕು.”

ನಾನು ಹಾಗೆಯೇ ಹೇಳಿದೆ. ಕೈಯಲ್ಲಿದ್ದ ತುತ್ತು ಹಾಗೇ ಹಿಡಿದು ಖಂಡಪ್ಪ ಅಂದ, “ಬರ್ತೀನಂತ ಹೇಳು ಆಯಿ.” ಆಮೇಲೆ ಗೋಡೆಯಾಚೆಯಿಂದ ಚಂದಮ್ಮನ ದನಿ ಕೇಳಿಸಿತು. ಅವಳಿಗೆ ಎಲ್ಲವನ್ನೂ ಹೇಳಿದ್ದನೆಂದು ತೋರುತ್ತದೆ. ಅಳುವುದಷ್ಟೇ ನನ್ನ ಕಿವಿಗೆ ಬಿತ್ತು, ಮಾತು ತಿಳಿಯಲಿಲ್ಲ.

ಅವನು ಹೋದದ್ದು ಆಚಾರ್ಯರ ಮನೆಗಲ್ಲ, ಗನಿಸಾಬನ ಹತ್ತಿರ. ಅಲ್ಲಿ ನಡೆದ ಮಾತನ್ನು ಗನಿಸಾಬನೇ ಮುಂದೆ ನನಗೆ ಹೇಳಿ ಹಣೆ ಬಡಿದುಕೊಂಡ.

“ಉಸ್ತಾದ, ನಾ ಆಫೀಸಿಗಿ ಹೋಗಿ ಖರೇ ಹೇಳಿಬಿಡ್ತೀನಿ.”

“ಹುಚ್ಚ ಹಿಡದದೇನು ನಿಂಗ? ಇಬ್ಬರೂ ಕೂಡೇ ಮುಳಗ್ತೀವಿ. ಕೂಡಸ್ಲಿಕ್ಕಿ ಕಲಿಸಿದಾತ ನಾನೇ ಅಲ್ಲೇನು? ಸ್ವಲ್ಪ ತಡಿ. ಮೀಟರ ಪರೀಕ್ಷಾದಾಗ ಸರಿ ಅದ ಅಂತ ಬರ್ತದ, ಆಚಾರ್ರು ತಾನೇ ಪಾರಾಗ್ತಾರ. ಯಾರಿಗಿ ನುಕಸಾನ?”

“ಏಕಾದಶಿಗಿ ದೇವ್ರ ಮುಟ್ತಾರಂತ.”

“ಮುಟ್ಲಿ ಬಿಡು. ಅವ್ರಿಗಿ ಗೊತ್ತಿಲ್ಲಲ್ಲ. ಗೊತ್ತಿಲ್ದ ಹೇಳಿದ್ದು ಸುಳ್ಳ ಹ್ಯಾಂಗಾಗ್ತದ?”

ಖಂಡಪ್ಪ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡ. ಅಷ್ಟೇ ಅಲ್ಲ. ಕೋಡ್ಲಾದ ಹತ್ತಿರ ಕೂಲಿಕಾರರ ಖೋಲಿಗಳಿಗೆ ವೈರಿಂಗ್ ಕೆಲಸವಿತ್ತು. ಬಹಳ ದಿನದಿಂದ ನಾಳೆ ನೋಡೋಣ ಎಂದು ಮುಂದೂಡುತ್ತಿದ್ದವನು ಅದನ್ನು ಒಪ್ಪಿಕೊಂಡ, ಅದೂ ಏಕಾದಶಿಯ ಮುಂಜಾನೆಯೇ ಬರುತ್ತೇನೆಂದು ಹೇಳಿ. ಬೆಳಿಗ್ಗೆ ಚೀಲ ಹೆಗಲಿಗೆ ಹಾಕಿ ಹೊರಟಾಗ ನಾನು ಕಟ್ಟೆಯ ಮೇಲೆ ಹೂ ಕಟ್ಟುತ್ತಿದ್ದೆ.

“ಎಲ್ಲಿಗಿ ಹೊಂಟಿ ಖಂಡಪ್ಪ? ಇವತ್ತ ಏಕಾದಶಿ ಅಲ್ಲೇನು?”

“ಕೋಡ್ಲಾಕ ಆಯಿ. ಅರ್ಜಂಟ್ ಕೆಲಸ ಅದ.” ನನ್ನ ಕಡೆ ನೋಡದೆ ಹೇಳಿದ. “ಸಂಜೀಕ ಬರ್ತೀನಿ. ಬಂದು ಬಾಯಾರಿಗಿ ಭೆಟ್ಟಿಯಾಗ್ತೀನಿ.”

ಒಳಗಿನಿಂದ ಚಂದಮ್ಮ ಕೂಗಿದಳು: “ಹೋಗು, ಹೋಗು. ಹಗಲಾಗ ಮಾರಿ ತೋರ್ಸಾಕ ಆಗಂಗಿಲ್ಲ ನಿಂಗ.”

ಅವನು ತಿರುಗಿ ನಿಲ್ಲಲಿಲ್ಲ.

ಮಧ್ಯಾಹ್ನಕ್ಕೂ ಮುಂಚೆ ಗುಡಿ ತುಂಬಿತ್ತು. ಆಚಾರ್ಯರು ಮಿಂದು, ಒದ್ದೆ ಪಂಚೆಯಲ್ಲೇ ಗರ್ಭಗುಡಿಯ ಹೊಸ್ತಿಲಲ್ಲಿ ನಿಂತರು. ಸರಸ್ವತಿಬಾಯಿ ಹೆಂಗಸರ ಸಾಲಿನ ಕೊನೆಯಲ್ಲಿ, ಬಾಗಿಲ ಹತ್ತಿರ. ಅವರು ದೇವರ ಕಡೆ ನೋಡುತ್ತಿರಲಿಲ್ಲ, ಬೀದಿಯ ಕಡೆ ನೋಡುತ್ತಿದ್ದರು. ಗೌಂಡಿ ಕೆಲಸದವನೊಬ್ಬ ಹೆಗಲಿಗೆ ಚೀಲ ಹಾಕಿಕೊಂಡು ದೂರದಲ್ಲಿ ಬಂದಾಗ ಎದ್ದೇ ನಿಂತರು. ಅವನು ಖಂಡಪ್ಪನಲ್ಲ.

ಉದಯಕುಮಾರ ಅಂದ, “ನಡೀಲಿ ಆಚಾರ್ರೇ.”

ಆಚಾರ್ಯರು ಬಾಗಿದರು.

“ಸ್ವಲ್ಪ ತಡೀರಿ!” ಸರಸ್ವತಿಬಾಯಿ ಕೂಗಿದರು. “ಇನ್ನೂ ಸ್ವಲ್ಪ ತಡೀರಿ...”

ಮಂದಿ ತಿರುಗಿ ನೋಡಿದರು. ಹೆಂಡತಿ ತನ್ನ ಸಲುವಾಗಿ ಹೆದರಿದ್ದಾಳೆ ಎಂದುಕೊಂಡರು ಆಚಾರ್ಯರು. ಅವಳ ಕಡೆ ನೋಡಿ ಮೆಲ್ಲಗೆ ನಕ್ಕರು. ನಾನು ಆ ನಗು ನೋಡಿದ್ದೇನೆ. “ಖರೇ ಹೇಳ್ಲಿಕ್ಕೆ ಏನು ಅಂಜಿಕಿ?” ಅಂದರು. ಎರಡೂ ಕೈ ವಿಠ್ಠಲನ ಪಾದದ ಮೇಲಿಟ್ಟು, ನಮ್ಮ ಮನೆಯ ಮೀಟರನ್ನು ಯಾರೂ ಬಿಚ್ಚಿಲ್ಲ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಜನ ಜಯಕಾರ ಹಾಕಿದರು. ಸರಸ್ವತಿಬಾಯಿ ಕಂಬಕ್ಕೆ ಆತು ಕುಸಿದು ಕೂತರು. ಉಪವಾಸಕ್ಕೆ ತಲೆ ಸುತ್ತಿರಬೇಕೆಂದು ನಾನು ನೀರು ಕೊಟ್ಟೆ. ಅವರು ಕುಡಿಯಲಿಲ್ಲ.

ಖಂಡಪ್ಪ ಆವತ್ತು ಕೋಡ್ಲಾ ಮುಟ್ಟಲೇ ಇಲ್ಲ. ಸೇಡಂ ಬಸ್‌ಸ್ಟ್ಯಾಂಡಿನಲ್ಲಿ ಇಳಿದು, ಅಲ್ಲಿಂದ ಕೋಡ್ಲಾಕ್ಕೆ ಹೋಗುವ ಬಸ್ಸು ಬಂದರೂ ಹತ್ತದೆ ಕುಳಿತನಂತೆ. ಗೊತ್ತಿಲ್ಲದೆ ಹೇಳಿದ್ದು ಸುಳ್ಳು ಹೇಗಾಗುತ್ತದೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತ ಕುಳಿತಿದ್ದ. ಆದರೆ ಅವನಿಗಂತೂ ಗೊತ್ತಿತ್ತಲ್ಲ. ಕೊನೆಗೆ ವಾಡಿ ಕಡೆಯ ಬಸ್ಸು ಹಿಡಿದ. ಅಲ್ಲಿಂದ ಯಾರದೋ ಮೋಟರ್‌ಸೈಕಲ್ಲಿನ ಹಿಂದೆ ಕೂತು ಬಂದ. ಗುಡಿಯ ಮೆಟ್ಟಿಲಿಗೆ ಬಂದಾಗ ಜನ ಪ್ರಸಾದದ ಹಣ್ಣು ಹಿಡಿದು ಹೊರಗೆ ಬರುತ್ತಿದ್ದರು.

“ಆತೇನು?” ಅಂದ ನನ್ನನ್ನು ಹಿಡಿದು.

“ಆತಪ್ಪ. ಛೊಲೋ ಆತು. ಆಚಾರ್ರು ಪಾರಾದ್ರು.”

ಅವನು ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ನುಗ್ಗಿದ. ಯಾರೋ ಬೈದರು. ಹೊರಗೆ ಓಡಿ ಬಂದು ಬಿಟ್ಟು ಮತ್ತೆ ಒಳಗೆ ಹೋದ. ಆಚಾರ್ಯರ ಎದುರಿಗೆ ನಿಂತು, ಉದಯಕುಮಾರನಿಗೂ ಉಳಿದವರಿಗೂ ಕೇಳುವ ಹಾಗೆ ಅಂದ:

“ಆಚಾರ್ರೇ, ಮೀಟರ ಬಿಚ್ಚಿದಾತ ನಾನ್ರಿ. ನೀವು ಚಿತ್ತಾಪುರಕ ಹೋಗಿದ್ರಿ. ವಾಯರ ಸುಡಾಕತ್ತಿತ್ತು. ನಾನೇ ಬಿಚ್ಚೀನಿ, ನಾನೇ ಕೂಡಿಸೀನಿ. ಬಾಯಾರ ಬಾಯಿ ನಾನೇ ಕಟ್ಟೀನಿ. ಕಳುವು ಮಾಡಿಲ್ರಿ, ವಿಠ್ಠಲನ ಆಣಿ.”

ಉದಯಕುಮಾರನಿಗೆ ಖುಷಿಯೇ ಆಯಿತು. “ಮುಗೀತಲ್ಲ ಆಚಾರ್ರೇ! ಕಳುವೇ ಅಲ್ಲ ಅದು. ನಿಮ್ಮ ಮ್ಯಾಲ ಏನೂ ಇಲ್ಲ ಇನ್ನ.”

ಆಚಾರ್ಯರು ಅವನ ಮಾತು ಕೇಳಿಸಿಕೊಂಡಂತೆ ಕಾಣಲಿಲ್ಲ. ಹೆಂಡತಿಯ ಕಡೆ ನೋಡಿದರು.

“ನಿನಗೆ ಗೊತ್ತಿತ್ತೇನು?”

ಸರಸ್ವತಿಬಾಯಿ ಹೌದೆಂದು ತಲೆಯಾಡಿಸಿದರು.

ಆಚಾರ್ಯರು ತಮ್ಮ ಎರಡೂ ಕೈ ಮುಂದೆ ಹಿಡಿದು ನೋಡಿಕೊಂಡರು. ಆಮೇಲೆ ಗರ್ಭಗುಡಿಯ ಕಡೆ ಬೆನ್ನು ತಿರುಗಿಸದೆ ಹಿಂದೆ ಹಿಂದೆ ಸರಿದು, ಹೊಸ್ತಿಲು ದಾಟಿ ಹೊರಗೆ ಬಂದು ನಿಂತರು. ಸಂಜೆಯ ಆರತಿಯನ್ನು ಅವರ ತಮ್ಮ ಮಾಡಿದ. ಮರುದಿನವೂ ಅವನೇ.

ಕಮಿಟಿಯವರು ಮನೆಗೆ ಹೋಗಿ ಬೇಡಿಕೊಂಡರು. ‘ನಿಮಗ ಗೊತ್ತಿರಲಿಲ್ಲ, ತಪ್ಪು ನಿಮ್ಮದಲ್ಲ’ ಅಂದರು. “ಗೊತ್ತಿರಲಿಲ್ಲ ಖರೇ,” ಅಂದರು ಆಚಾರ್ಯರು. “ಆದ್ರ ಮುಟ್ಟಿದ್ದು ಈ ಕೈ, ಆಡಿದ್ದು ಈ ಬಾಯಿ.”

ಮೀಟರು ಸರಿ ಇದೆ, ಕಳುವು ಆಗಿಲ್ಲ ಎಂದು ಕಲಬುರಗಿಯಿಂದ ವರದಿ ಬಂತು. ಅಷ್ಟರಲ್ಲಿ ಖಂಡಪ್ಪ ಆಫೀಸಿಗೆ ಹೋಗಿ ತಪ್ಪೊಪ್ಪಿಕೊಂಡಿದ್ದ. ಗನಿಸಾಬನ ಹೆಸರು ಎತ್ತಲಿಲ್ಲ. ಲೈಸನ್ಸು ತಡೆಹಿಡಿದರು. ಅವನು ಚಿಂಚೋಳಿಯ ತನಕ ಹೋಗಿ ಬೇರೆಯವರ ಕೆಳಗೆ ಗೋಡೆ ಕೊರೆಯುವ ಕೆಲಸ ಮಾಡಿದ. ಊರಿನಲ್ಲಿದ್ದ ದಿನ ಆಚಾರ್ಯರ ಮನೆಯ ಮುಂದಿನ ದಾರಿ ಬಿಟ್ಟು ಸುತ್ತು ಹಾಕಿ ಬರುತ್ತಿದ್ದ. ಒಂದು ಸಲ ಮಾತ್ರ ಹೋಗಿ ಕಾಲು ಹಿಡಿದನಂತೆ.

“ಬೈರಿ ಆಚಾರ್ರೇ. ಒಂದು ಮಾತರೆ ಬೈರಿ.”

“ನಿನ್ನ ಮ್ಯಾಲ ಸಿಟ್ಟಿಲ್ಲಪ್ಪ ನನಗ.”

“ಹಂಗಂದ್ರ ಪೂಜಾಕ ಹೋಗ್ರಿ ಮತ್ತ.”

“ಅದು ಸಿಟ್ಟಿನ ಮಾತಲ್ಲೋ, ಖಂಡಪ್ಪ.”

ಇದನ್ನು ಹೇಳುವಾಗ ಖಂಡಪ್ಪ ನನ್ನ ಕಟ್ಟೆಯ ಫರ್ಸಿಯನ್ನು ಉಗುರಿನಿಂದ ಗೀರುತ್ತಿದ್ದ. “ಬೈದಿದ್ರ ಛೊಲೋ ಆಗ್ತಿತ್ತು ಆಯಿ,” ಅಂದ.

ಆಫೀಸಿನವರು ಅವನ ಶಿಕ್ಷೆಗೆ ಒಂದು ಅವಧಿ ಇಟ್ಟಿದ್ದರು. ತೊಗರಿ ಬರುವ ಕಾಲಕ್ಕೆ ಅದು ಮುಗಿದು ಲೈಸನ್ಸು ವಾಪಸ್ ಬಂತು. ಚಂದಮ್ಮ ಓಣಿಗೆಲ್ಲ ಸಕ್ಕರೆ ಹಂಚಿದಳು. ಖಂಡಪ್ಪ ಮನೆಯಿಂದ ಹೊರಗೆ ಬರಲಿಲ್ಲ. ಸುದ್ದಿ ಕೇಳಿ ಸರಸ್ವತಿಬಾಯಿ ಬೆಳಿಗ್ಗೆಯೇ ಅವನ ಬಾಗಿಲಿಗೆ ಬಂದು ನಿಂತರು.

“ಬಂತಂತಲ್ಲ ನಿನ್ನ ಲೈಸನ್ಸು. ಛೊಲೋ ಆತು. ನಮ್ಮ ಅಡಗಿ ಮನ್ಯಾಗ ಲೈಟು ಹತ್ತವಲ್ದು, ಬಾ.”

“ಬಾಯಾರ, ಬ್ಯಾರೆ ಯಾರಿಗಾರ ಹೇಳ್ರಿ...”

“ಯಾಕ? ಇನ್ನೂ ಎಷ್ಟು ದಿನ ನನ್ನ ಕತ್ತಲ್ಯಾಗ ಕುಂದ್ರಸಾಂವ ಇದ್ದಿ? ನಡಿ.”

ಹೋದ. ಸುಟ್ಟ ಸ್ವಿಚ್ಚು ತೆಗೆದು ಹೊಸದು ಕೂಡಿಸಿದ. ಬಹಳ ಸಣ್ಣ ಕೆಲಸ. ಆದರೂ ತಿರುಪು ಕೈಯಿಂದ ಜಾರಿ ಜಾರಿ ಬಿದ್ದು ಹೊತ್ತಾಯಿತಂತೆ. ನಡುಮನೆಯಲ್ಲಿ ಆಚಾರ್ಯರು ಮೊರ ಮುಂದಿಟ್ಟುಕೊಂಡು ಹಸಿ ತೊಗರಿಕಾಯಿ ಸುಲಿಯುತ್ತಿದ್ದರು. ಗುಡಿಯಲ್ಲಿ ತಮ್ಮನ ಮುಂಜಾನೆಯ ಪೂಜೆ ಶುರುವಾಗಿ ಗಂಟೆ ಕೇಳಿಸಿತು. ಆಚಾರ್ಯರ ಕೈ ನಿಂತಿತು. ಗಂಟೆ ನಿಲ್ಲುವವರೆಗೂ ಹಾಗೇ ನಿಂತಿತ್ತು. ಆಮೇಲೆ ಮತ್ತೆ ಸುಲಿಯತೊಡಗಿದರು.

“ಆತೇನಪ್ಪ?” ಅಂದರು.

“ಆತ್ರಿ.”

“ಊಟ ಮಾಡಿ ಹೋಗು.”

ಅವನು ಊಟ ಮಾಡಿ ಬಂದ. ಒಲ್ಲೆ ಅನ್ನುವುದು ಅವನಿಗೆ ಈಗಲೂ ಬರುವುದಿಲ್ಲ. ಬಂದವನು ನನ್ನ ಕಟ್ಟೆಯ ಮೇಲೆ ಕುಳಿತು ಇದನ್ನೆಲ್ಲ ಹೇಳಿದ. ಈಗ ಎಲ್ಲ ಓಣಿಗಳಿಂದ ಕರೆ ಬರುತ್ತದೆ, ಹೋಗುತ್ತಾನೆ, ಕೆಲಸ ಮಾಡುತ್ತಾನೆ. ಮೀಟರಿನ ಮಾತು ಬಂದರೆ ಮೇನ್ ಆರಿಸಿ, ಲೈನ್‌ಮನ್ ಬರುವವರೆಗೂ ಆ ಮನೆಯ ಬಾಗಿಲಲ್ಲೇ ಕುಳಿತುಬಿಡುತ್ತಾನೆ. ಜನ ರೇಗುತ್ತಾರೆ, ನಗುತ್ತಾರೆ. ಅವನಿಗೆ ಅವನ ಕೆಲಸ ತಿರುಗಿ ಬಂದಿದೆ. ನಾನು ದಿನಾ ಮಾಲೆ ತೆಗೆದುಕೊಂಡು ಗುಡಿಗೆ ಹೋಗುತ್ತೇನೆ, ಅದನ್ನು ಆಚಾರ್ಯರ ತಮ್ಮನ ಕೈಗೆ ಕೊಟ್ಟು ಬರುತ್ತೇನೆ.